ಕಾರಿನೊಳಗಿನ ಸದ್ದು ಮತ್ತು ಅಪ್ಪಯ್ಯನ ಮಾತು

ನಮ್ಮ ಅಪ್ಪಯ್ಯ ಕಾರು ಹತ್ತಿದರೆ ಮಾತು ನಿಲ್ಲಿಸುತ್ತಿರಲಿಲ್ಲ. ಬೆಂಗಳೂರಿನಿಂದ ಸಾಗರದ ಕಡೆ ಹೊರಟೆವು ಅಂದರೆ ತುಮಕೂರು ದಾಟುವುದರೊಳಗೆ ಆ ವರ್ಷದ ಅಡಿಕೆ ರೇಟು ಮುಗಿದಿರುತ್ತಿತ್ತು. ಅರಸೀಕೆರೆ ಹೊತ್ತಿಗೆ ನೆಂಟರ ಮನೆ ಮದುವೆ, ಕಡೂರಿನಲ್ಲಿ ಯಾರದೋ ಜಾಗದ ತಕರಾರು, ತರೀಕೆರೆ ಬರುವಾಗ ತಾವು ಸಣ್ಣವರಿದ್ದಾಗಿನ ಮಳೆಗಾಲದ ಕಥೆ. ಆ ಕಥೆಗಳನ್ನೆಲ್ಲ ನಾನು ಕಡಿಮೆ ಅಂದರೂ ಹತ್ತತ್ತು ಸಲ ಕೇಳಿದ್ದೇನೆ. ಕೆಲವು ಸಲ ಬೇಜಾರಾಗಿ "ಹೂಂ ಹೂಂ" ಅಂತ ಹೂಂಗುಟ್ಟಿದ್ದೂ ಇದೆ.

ಮೂರು ವರ್ಷದಿಂದ ಅವರ ಕಿವಿ ಮಂದವಾಗಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ, ಎರಡೂ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದೆವು. ಮನೆಯಲ್ಲಿ ಪರವಾಗಿಲ್ಲ, ಎದುರು ಕೂತು ಮಾತಾಡಿದರೆ ಎಲ್ಲ ಕೇಳಿಸುತ್ತದೆ. ತೊಂದರೆ ಕಾರಿನಲ್ಲಿ. ನಾನು ಏನೋ ಹೇಳುತ್ತೇನೆ, ಅವರು "ಎಂತ?" ಅನ್ನುತ್ತಾರೆ. ಮತ್ತೆ ಹೇಳುತ್ತೇನೆ, ಮತ್ತೆ "ಎಂತದ್ದು?". ಮೂರನೇ ಸಲ ನಾನು ಕೂಗುತ್ತೇನೆ. ಕೂಗಿದರೆ ಬೈದ ಹಾಗೆ ಕೇಳುತ್ತದೆ, ಅವರ ಮುಖ ಸಪ್ಪಗಾಗುತ್ತದೆ. ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ನೆಲಮಂಗಲ ದಾಟುತ್ತಿದ್ದಂತೆ ಮಿಷನ್ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡರು. "ಕಾರಲ್ಲಿ ಇದು ಹಾಕ್ಕಂಡ್ರೆ ಅಕ್ಕಿ ಗಿರಣಿ ಒಳಗೆ ಕೂತ ಹಾಂಗೆ ಆಗ್ತು" ಅಂದರು. ಆಮೇಲೆ ಊರು ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತರು. ಏಳು ಗಂಟೆಯ ದಾರಿ, ಒಂದು ಕಥೆಯೂ ಇಲ್ಲ. ಹೂಂಗುಟ್ಟಲು ಕೂಡ ಏನೂ ಇರಲಿಲ್ಲ...

ಕಾರು ಯಾವುದು ಅಂತ ಕೇಳಬೇಡಿ. ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ, 2015ರ ಮಾಡೆಲ್‌ನ, ಮೂರು ಸಿಲಿಂಡರಿನ ಒಂದು ಸಣ್ಣ ಗಾಡಿ. ಇಎಂಐ ಇಲ್ಲ, ಮೈಲೇಜ್ ಕೊಡುತ್ತದೆ, ಪಾರ್ಕಿಂಗಿಗೆ ಜಾಗ ಸಿಗುತ್ತದೆ. ನಮ್ಮಂಥವರಿಗೆ ಅಷ್ಟು ಸಾಕು. ಆದರೆ ಸದ್ದು ಮಾತ್ರ ಭರ್ತಿ. ಇದಕ್ಕೇನಾದರೂ ಮಾಡಬೇಕು ಅಂತ ಒಂದು ಶನಿವಾರ ಜೆಸಿ ರಸ್ತೆಗೆ ಹೋದೆ. ಅಲ್ಲೊಂದು ಅಂಗಡಿಯಲ್ಲಿ ಸಮಸ್ಯೆ ಹೇಳಿದೆ. ಅವರು ಗಾಡಿಯ ಬಾಗಿಲು ಕೂಡ ತೆಗೆದು ನೋಡಲಿಲ್ಲ, ಓಡಿಸಿಯಂತೂ ನೋಡಲೇ ಇಲ್ಲ. "ಫುಲ್ ಡ್ಯಾಂಪಿಂಗ್ ಮಾಡಿಸಿ ಸಾರ್. ನಾಲ್ಕು ಡೋರು, ಫ್ಲೋರು, ರೂಫು, ಡಿಕ್ಕಿ. ಇಪ್ಪತ್ತೆಂಟು ಸಾವಿರ. ನಿಮಗೋಸ್ಕರ ಇಪ್ಪತ್ತಾರು" ಅಂದರು. ಗಾಡಿಯ ಬೆಲೆಯೇ ಈಗ ಹೆಚ್ಚೆಂದರೆ ಎರಡು ಲಕ್ಷ. ಯೋಚಿಸಿ ಹೇಳ್ತೀನಿ ಅಂತ ಹೊರಗೆ ಬಂದೆ.

ಆ ದಿನ ದುಡ್ಡು ಇದ್ದಿದ್ದರೆ ಮಾಡಿಸಿಬಿಡುತ್ತಿದ್ದೆನೇನೋ. ಇರಲಿಲ್ಲ, ಹಾಗಾಗಿ ಬಚಾವಾದೆ! ಯಾಕೆ ಬಚಾವಾದೆ ಅನ್ನುವುದೇ ಈ ಬರಹ.

ಮೊದಲು ಸದ್ದಿನ ಬಗ್ಗೆ ಎರಡು ಮಾತು. ಇಬ್ಬರು ಒಂದು ಮೀಟರ್ ದೂರದಲ್ಲಿ ಕೂತು ಆರಾಮಾಗಿ ಮಾತಾಡಿದರೆ ಸುಮಾರು 60 ಡೆಸಿಬೆಲ್. ಡೆಸಿಬೆಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದಂತಲ್ಲ. 3 ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಅರ್ಧವಾಗುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದ ಹಾಗೆ ಅನಿಸುತ್ತದೆ. ಫೋನಿನಲ್ಲಿ ಶಬ್ದ ಅಳೆಯುವ ಒಂದು ಆ್ಯಪ್ ಹಾಕಿಕೊಂಡು ಹೆದ್ದಾರಿಯಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೆಂಡತಿಯ ಕೈಲಿ ನೋಡಿಸಿದೆ. 76 ತೋರಿಸಿತು. ಫೋನಿನ ಅಳತೆ ಕರಾರುವಾಕ್ಕಲ್ಲ, ಮೊದಲಿಗೂ ಆಮೇಲಿಗೂ ಹೋಲಿಸಲು ಮಾತ್ರ ಸಾಕು. 76ಕ್ಕೆ ಕಿವಿ ಕೆಟ್ಟುಹೋಗುವುದಿಲ್ಲ. ಕಾರ್ಖಾನೆಗಳಿಗೆ ತಜ್ಞರು ಹೇಳುವ ಮಿತಿ ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್. ಆದರೆ ನಮ್ಮ ಪ್ರಶ್ನೆ ಕಿವಿ ಉಳಿಯುತ್ತದೋ ಅನ್ನುವುದಲ್ಲ, ಮಾತು ಕೇಳುತ್ತದೋ ಅನ್ನುವುದು. 60ರ ಮಾತು 76ರ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ವಯಸ್ಸಾದವರಿಗೆ ಇನ್ನೂ ಒಂದು ಕಷ್ಟ ಇದೆ. ವಯಸ್ಸಿನ ಕಿವುಡು ಮೊದಲು ತಿನ್ನುವುದು ಕೀರಲು ದನಿಗಳನ್ನು. ಅ, ಆ, ಓ ಎಲ್ಲ ದಪ್ಪ ದನಿಗಳು, ಅವು ಕೇಳುತ್ತವೆ. ಸ, ಶ, ತ, ಕ ಇವೆಲ್ಲ ತೆಳು ದನಿಗಳು, ಅವು ಹೋಗುತ್ತವೆ. ಅಂದರೆ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಕಾರಿನ 'ಗುಂಯ್' ಅನ್ನುವ ದಪ್ಪ ಸದ್ದು ಈ ತೆಳು ದನಿಗಳನ್ನೂ ಮುಚ್ಚಿಹಾಕುತ್ತದೆ. ಮಿಷನ್ ಪಾಪ ಏನು ಮಾಡೀತು, ಅದು ಮಾತಿನ ಜೊತೆ ಸದ್ದನ್ನೂ ದೊಡ್ಡದು ಮಾಡುತ್ತದೆ. ಇದರ ಮೇಲೆ ಡ್ರೈವ್ ಮಾಡುವವನ ಮುಖ ಮುಂದಕ್ಕಿರುತ್ತದೆ, ತುಟಿ ನೋಡಿ ಊಹಿಸೋಣ ಅಂದರೂ ಆಗುವುದಿಲ್ಲ.

ಜೆಸಿ ರಸ್ತೆಯಿಂದ ಬಂದ ಮೇಲೆ ನಮ್ಮ ಏರಿಯಾದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ನನ್ನನ್ನೇ ಪಕ್ಕಕ್ಕೆ ಕೂರಿಸಿಕೊಂಡು ರಿಂಗ್ ರೋಡಿನಲ್ಲಿ ಒಂದು ರೌಂಡ್ ಹೊಡೆದರು. ರೇಡಿಯೋ ಆಫ್, ಎಸಿ ಆಫ್, ಕಿಟಕಿ ಬಂದ್. ಬಂದು ಗಾಡಿ ನಿಲ್ಲಿಸಿ, "ಸಾರ್, ನಿಮ್ದು ಶೀಟ್ ಹಾಕೋ ಕೇಸೇ ಅಲ್ಲ. ಹಿಂದಿನ ಬಲಗಡೆ ಬೇರಿಂಗ್ ಹೋಗಿದೆ. ಮೊದ್ಲು ಅದನ್ನ ಮಾಡ್ಸಿ" ಅಂದರು. ಇಪ್ಪತ್ತಾರು ಸಾವಿರದ ಶೀಟಿನ ಅಡಿಯಲ್ಲಿ ಹಾಳಾದ ಬೇರಿಂಗನ್ನು ಮುಚ್ಚಿಟ್ಟುಕೊಂಡು ನಾನು ಊರಿಗೆ ಹೋಗುತ್ತಿದ್ದೆ ಅಂತ ಆಗ ಗೊತ್ತಾಯಿತು. ಸದ್ದು ಹೋಗಲಿ, ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು.

ನನ್ನ ಅಭಿಪ್ರಾಯ ಇಷ್ಟೇ: ಹಳೆಯ ಕಾರಿನ ಸದ್ದು ಮೊದಲು ರಿಪೇರಿಯ ವಿಷಯ, ಆಮೇಲೆ ಶೀಟಿನ ವಿಷಯ. ಅಂಗಡಿಯವರು ಇದನ್ನು ತಿರುಗಾಮುರುಗಾ ಮಾಡಿ ಮಾರುತ್ತಾರೆ, ಯಾಕೆಂದರೆ ರಿಪೇರಿಯಲ್ಲಿ ಅವರಿಗೆ ಲಾಭವಿಲ್ಲ. ಸೋರುವ ಮನೆಗೆ ಹೆಂಚು ಸರಿಮಾಡದೆ ನೆಲಕ್ಕೆ ಕಾರ್ಪೆಟ್ ಹಾಸಿದ ಹಾಗೆ.

ಸದ್ದು ಎಲ್ಲಿಂದ ಅಂತ ಪತ್ತೆ ಮಾಡಲು ಖರ್ಚಿಲ್ಲ, ಕಿವಿ ಬೇಕು ಅಷ್ಟೆ. ಖಾಲಿ ರಸ್ತೆಯಲ್ಲಿ 60ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ಹಾಕಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ, ಬ್ರೇಕೂ ಸ್ಟಿಯರಿಂಗೂ ಗಟ್ಟಿಯಾಗಿಬಿಡುತ್ತವೆ. ಸದ್ದು ತಟ್ಟನೆ ಇಳಿದರೆ ಅದು ಎಂಜಿನ್ ಕಡೆಯದು: ಮೌಂಟಿಂಗ್ ರಬ್ಬರ್, ಸೈಲೆನ್ಸರ್ ನೇತುಹಾಕುವ ರಬ್ಬರ್ ನೋಡಿಸಿ. ಹಾಗೇ ಇದ್ದು ವೇಗದ ಜೊತೆ ನಿಧಾನಕ್ಕೆ ಇಳಿದರೆ ಚಕ್ರದ್ದೋ ಗಾಳಿಯದೋ. ಕಾಂಕ್ರೀಟ್ ರಸ್ತೆಯಲ್ಲಿ ಜಾಸ್ತಿ, ನುಣುಪು ಡಾಂಬರಿನಲ್ಲಿ ಕಡಿಮೆ ಆದರೆ ಟಯರಿನದು. ಯಾವ ರಸ್ತೆಯಾದರೂ ಒಂದೇ ಥರ 'ವೂಂ' ಅಂದು, ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಏರಿಳಿದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಎಡಕ್ಕೆ ತಿರುಗುವಾಗ ಭಾರ ಬಲಗಡೆಗೆ ಬೀಳುತ್ತದೆ, ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್. ನನ್ನದು ಹಾಗೇ ಇತ್ತು, ಒಂದು ವರ್ಷದಿಂದ ನನಗೇ ಗೊತ್ತಾಗಿರಲಿಲ್ಲ. ದಿನಾ ಕೇಳುವ ಸದ್ದು ಕಿವಿಗೆ ಬೀಳುವುದೇ ಇಲ್ಲ ನೋಡಿ.

ಗಾಳಿ ಸದ್ದು ನುಗ್ಗುವುದು ಬಾಗಿಲ ಸಂದಿಯಿಂದ. ಅದಕ್ಕೊಂದು ಹಳೇ ಉಪಾಯ ಇದೆ. ಹತ್ತು ರೂಪಾಯಿ ನೋಟನ್ನು ಬಾಗಿಲಿನ ಅಂಚಿಗಿಟ್ಟು ಬಾಗಿಲು ಹಾಕಿ, ನೋಟು ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ರಬ್ಬರ್ ಬೀಡಿಂಗ್ ಚೆನ್ನಾಗಿದೆ, ಸಲೀಸಾಗಿ ಬಂದರೆ ಸವೆದಿದೆ. ಸುತ್ತಲೂ ನಾಲ್ಕೈದು ಕಡೆ ಹೀಗೆ ನೋಡಬೇಕು. ಸಣ್ಣ ಸಂದಿ ಏನು ಮಾಡೀತು ಅನ್ನಬೇಡಿ. ಒಂದು ಗೋಡೆಯ ನೂರರಲ್ಲಿ ಒಂದು ಪಾಲು ತೂತಿದ್ದರೆ, ಉಳಿದ ಗೋಡೆ ಎಷ್ಟೇ ದಪ್ಪವಿದ್ದರೂ ಅದು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಬಾಗಿಲಿಗೆ ಸಾವಿರಾರು ರೂಪಾಯಿಯ ಶೀಟ್ ಅಂಟಿಸಿ ಬೀಡಿಂಗ್ ಹರಿದಿದ್ದರೆ ಏನು ಬಂತು?

ಇನ್ನು ಬಿಟ್ಟಿ ಕೆಲಸಗಳು. ಒಂದು ಭಾನುವಾರ ಕಾರನ್ನು ಪೂರ್ತಿ ಖಾಲಿ ಮಾಡಿದೆ. ಸಿಕ್ಕಿದ್ದು: ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹದಿನೇಳು ರೂಪಾಯಿ ಚಿಲ್ಲರೆ, ಸೀಟಿನ ಅಡಿಯಲ್ಲಿ ಮಗಳ ಗೋಲಿ ಎರಡು, ಡಿಕ್ಕಿಯಲ್ಲಿ ಯಾವತ್ತೋ ಊರಿಂದ ತಂದ ತುಪ್ಪದ ಖಾಲಿ ಡಬ್ಬ, ಕ್ಲಿಪ್ಪಿನಿಂದ ಕಳಚಿಕೊಂಡ ಜಾಕು. ಜಾಕು ಸ್ಪ್ಯಾನರುಗಳಿಗೆ ಹಳೇ ಟವೆಲ್ ಸುತ್ತಿ ಬಿಗಿದಿಟ್ಟೆ. ಹಿಂದಿನ ಸೀಟ್ ಬೆಲ್ಟಿನ ಬಕಲ್ ಪ್ಲಾಸ್ಟಿಕ್ಕಿಗೆ ಕುಟ್ಟುತ್ತಿತ್ತು, ಅದನ್ನು ಲಾಕಿಗೆ ಸಿಕ್ಕಿಸಿದೆ. ಕಟಕಟ ಅನ್ನುವುದರಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ನಿಂತಿತು. ಎಸಿ ಫಿಲ್ಟರ್ ತೆಗೆದರೆ ಅದರಲ್ಲಿ ಬೆಂಗಳೂರಿನ ಧೂಳೆಲ್ಲ ಕೂತಿತ್ತು. ಅದನ್ನು ಕೊಡವಿ ಹಾಕಿದ ಮೇಲೆ ಮೂರರಲ್ಲಿ ಬರುತ್ತಿದ್ದ ಗಾಳಿ ಎರಡರಲ್ಲೇ ಬಂತು, ಫ್ಯಾನಿನ ಸದ್ದೂ ಇಳಿಯಿತು. ಟಯರಿಗೆ ಪಂಕ್ಚರ್ ಅಂಗಡಿಯವರು 40 ತುಂಬಿಸಿಟ್ಟಿದ್ದರು. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಇದ್ದಷ್ಟಕ್ಕೆ ಇಳಿಸಿದೆ. ಗಾಳಿ ಜಾಸ್ತಿಯಾದರೆ ಟಯರ್ ಕಲ್ಲಿನಂತಾಗಿ ಪ್ರತಿ ಜಲ್ಲಿಯ ಸದ್ದನ್ನೂ ಒಳಗೆ ಕಳಿಸುತ್ತದೆ. ಹಾಗಂತ ಸ್ಟಿಕ್ಕರಿಗಿಂತ ಕೆಳಗಿಳಿಸಬೇಡಿ, ಟಯರ್ ಬಿಸಿಯಾಗಿ ಒಡೆಯುತ್ತದೆ.

ಇಷ್ಟೆಲ್ಲ ಆದ ಮೇಲೆ ಶೀಟಿನ ವಿಷಯ. ಶೀಟು ಮೋಸವೇನಲ್ಲ, ಅದಕ್ಕೂ ಒಂದು ಕೆಲಸವಿದೆ. ತಗಡು ಬಡಿದರೆ ತಮಟೆಯಂತೆ 'ಢಣ್' ಅನ್ನುತ್ತದಲ್ಲ, ಆ ಕಂಪನವನ್ನು ಹೀರುವುದು ಅಲ್ಯೂಮಿನಿಯಂ ಹಾಳೆ ಮೆತ್ತಿದ ಬ್ಯುಟೈಲ್ ರಬ್ಬರ್ ಶೀಟಿನ ಕೆಲಸ. ಇದಕ್ಕೆ ಇಡೀ ತಗಡನ್ನು ಮುಚ್ಚಬೇಕಿಲ್ಲ. ಪ್ರತಿ ಹಾಳೆಯ ನಡುಭಾಗದಲ್ಲಿ ಕಾಲುಭಾಗದಷ್ಟು ಅಂಟಿಸಿದರೆ ಬಹುಪಾಲು ಪ್ರಯೋಜನ ಅಲ್ಲೇ ಸಿಗುತ್ತದೆ. ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿ, ಎಲ್ಲಿ 'ಢಣ್' ಅನ್ನುತ್ತದೋ ಅಲ್ಲಿ ಹಾಕಿ, ಎಲ್ಲಿ 'ಡಬ್' ಅನ್ನುತ್ತದೋ ಅಲ್ಲಿ ಬೇಡ. ನಾನು ಡಿಕ್ಕಿಯ ನೆಲಕ್ಕೆ, ಹಿಂದಿನ ಚಕ್ರಗಳ ಮೇಲಿನ ಗುಮ್ಮಟಕ್ಕೆ ಮತ್ತು ಮುಂದಿನ ಎರಡು ಬಾಗಿಲ ಹೊರ ತಗಡಿಗೆ ಮಾತ್ರ ಹಾಕಿದೆ. ತಗಡನ್ನು ಚೆನ್ನಾಗಿ ಒರೆಸಿ, ಶೀಟ್ ಅಂಟಿಸಿ, ಗಾಳಿ ಗುಳ್ಳೆ ಇಲ್ಲದ ಹಾಗೆ ರೋಲರ್‌ನಿಂದ ಒತ್ತಬೇಕು. ರೋಲರ್ ಇರಲಿಲ್ಲ, ಲಟ್ಟಣಿಗೆ ತಗೊಂಡು ಹೋದೆ. ಆ ಬಗ್ಗೆ ಮನೆಯಲ್ಲಿ ನಡೆದ ಚರ್ಚೆಯನ್ನು ಇಲ್ಲಿ ಬರೆಯುವುದಿಲ್ಲ :) ಹೊಸ ಲಟ್ಟಣಿಗೆ ಬಂದಿದೆ.

ಮೂರು ಎಚ್ಚರಿಕೆ. ಬಾಗಿಲ ತಳದಲ್ಲಿ ಮಳೆನೀರು ಹೋಗುವ ತೂತುಗಳಿರುತ್ತವೆ, ಅವನ್ನು ಮುಚ್ಚಿದರೆ ಒಂದೆರಡು ಮಳೆಗಾಲದಲ್ಲಿ ಬಾಗಿಲು ತುಕ್ಕು ತಿನ್ನುತ್ತದೆ. ಅಗ್ಗ ಅಂತ ಮನೆಯ ಛಾವಣಿಗೆ ಹಚ್ಚುವ ಟಾರ್ ಶೀಟ್ ಹಾಕಬೇಡಿ, ಬೇಸಗೆಯಲ್ಲಿ ಕರಗಿ ನಾರುತ್ತದೆ. ಬಾನೆಟ್ ಒಳಗೆ ಥರ್ಮಾಕೋಲು, ಬಟ್ಟೆ, ಮಾಮೂಲಿ ಸ್ಪಂಜು ತುರುಕಬೇಡಿ, ಬೆಂಕಿಗೆ ದಾರಿ. ಇಲಿಗಳಿಗೂ ಒಳ್ಳೆ ಹಾಸಿಗೆ.

ತೆಳು ಸ್ಪಂಜಿನ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ ಅದಕ್ಕೇ ದುಡ್ಡು ಹಾಕುತ್ತಾರೆ. 'ಗುಂಯ್' ಅನ್ನುವ 100 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಒಂದು ಸೆಂಟಿಮೀಟರ್ ಸ್ಪಂಜು ಅದಕ್ಕೆ ಸೊಳ್ಳೆ ಪರದೆ ಇದ್ದ ಹಾಗೆ. ತೆಳು ಸ್ಪಂಜು ಕೀರಲು ಸದ್ದನ್ನು ಮಾತ್ರ ಹೀರುತ್ತದೆ. ಆ ಕೆಲಸಕ್ಕೆ ನಾನು ಡಿಕ್ಕಿಯ ಕಾರ್ಪೆಟ್ ಅಡಿಗೆ ಒಂದು ಹಳೇ ಕಂಬಳಿ ಹಾಸಿದೆ. ನೀರು ತಾಗದ ಜಾಗ, ಹಾಗಾಗಿ ನಡೆಯುತ್ತದೆ.

ಒಟ್ಟು ಖರ್ಚು ಬರೆದಿಟ್ಟಿದ್ದೇನೆ. ಬೇರಿಂಗು ಕೂಲಿ ಸೇರಿ 1,400. ವೀಲ್ ಅಲೈನ್‌ಮೆಂಟ್ ಮತ್ತು ಟಯರ್ ಅದಲುಬದಲು 600. ಮುಂದಿನ ಎರಡು ಬಾಗಿಲಿಗೆ ಹೊಸ ಬೀಡಿಂಗ್ 1,100. ಹಿಂದಿನವುಗಳಿಗೆ ಒರೆಸಿ ಹಚ್ಚಲು ಸಿಲಿಕೋನ್ ಸ್ಪ್ರೇ 250. ಬ್ಯುಟೈಲ್ ಶೀಟು 1,300. ಒಟ್ಟು 4,650 ರೂಪಾಯಿ. (ಲಟ್ಟಣಿಗೆ ಬೇರೆ.) ಟಯರುಗಳು ಹಳತಾಗಿವೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿದರೆ ವಾರ ಮತ್ತು ವರ್ಷ ಗೊತ್ತಾಗುತ್ತದೆ, 2319 ಅಂದರೆ 2019ರ ಇಪ್ಪತ್ಮೂರನೇ ವಾರ. ರಬ್ಬರ್ ಗಟ್ಟಿಯಾದಂತೆ ಸದ್ದೂ ಜಾಸ್ತಿ, ಹಿಡಿತವೂ ಕಡಿಮೆ. ಅದು ಮುಂದಿನ ಬೋನಸ್ಸಿಗೆ. ಟಯರನ್ನು ನಾನು ಸದ್ದಿನ ಲೆಕ್ಕಕ್ಕೆ ಸೇರಿಸಿಲ್ಲ, ಅದು ಜೀವದ ಲೆಕ್ಕ.

ಅದೇ ರಸ್ತೆ, ಅದೇ 90, ಅದೇ ಹೆಂಡತಿ, ಅದೇ ಫೋನು: 72 ಬಂತು. 4 ಡೆಸಿಬೆಲ್ ಅಷ್ಟೇನಾ ಅನ್ನಬೇಡಿ, ಶಬ್ದದ ಶಕ್ತಿ ಅರ್ಧಕ್ಕಿಂತ ಕಡಿಮೆಯಾಯಿತು. ಆಮೇಲೆ ಸುಮ್ಮನೆ 75ಕ್ಕೆ ಇಳಿಸಿ ನೋಡಿದೆ. 69!

ಇಷ್ಟು ದಿನ ಒದ್ದಾಡಿದ್ದಕ್ಕೆ 4, ಬಲಗಾಲು ಸ್ವಲ್ಪ ಎತ್ತಿದ್ದಕ್ಕೆ 3. ಗಾಳಿಯ ಸದ್ದು ವೇಗದ ಜೊತೆ ಸಿಕ್ಕಾಪಟ್ಟೆ ಏರುತ್ತದೆ, ಟಯರಿನದೂ ಏರುತ್ತದೆ. 90ರ ಬದಲು 75ರಲ್ಲಿ ಹೋದರೆ ನೂರು ಕಿಲೋಮೀಟರಿಗೆ ಹದಿಮೂರು ನಿಮಿಷ ತಡ. ಪೆಟ್ರೋಲೂ ಉಳಿಯುತ್ತದೆ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ, ಹೇಳಿದರೆ ಅವರಿಗೆ ಏನು ಸಿಗುತ್ತದೆ?

ಇದನ್ನೆಲ್ಲ ಆಫೀಸಿನಲ್ಲಿ ಹೇಳಿದಾಗ ಒಬ್ಬರು, "ಇಷ್ಟೆಲ್ಲ ಯಾಕೆ, ದೊಡ್ಡ ಕಾರು ತಗೋಬಹುದಿತ್ತಲ್ಲ" ಅಂದರು. ಇನ್ನೊಬ್ಬರು "ಮ್ಯೂಸಿಕ್ ಜೋರಾಗಿ ಹಾಕಿ, ಸದ್ದು ಕೇಳೋದೇ ಇಲ್ಲ" ಅಂದರು. ಎರಡನೆಯವರಿಗೆ ಏನೂ ಹೇಳಲಿಲ್ಲ. ಮೊದಲನೆಯವರ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ನಮ್ಮಲ್ಲಿ ಸದ್ದಿಲ್ಲದಿರುವುದು ಒಂದು ಶ್ರೀಮಂತಿಕೆ ಆಗಿಬಿಟ್ಟಿದೆ. ಒಂದೇ ಕಾರಿನಲ್ಲೂ ಹಲವು ಸಲ ಕಡಿಮೆ ಬೆಲೆಯ ಮಾಡೆಲ್‌ಗೆ ಬಾನೆಟ್ ಅಡಿಯ ಹಾಸು ಇರುವುದಿಲ್ಲ, ಡಿಕ್ಕಿಯ ಕಾರ್ಪೆಟ್ ತೆಳ್ಳಗಿರುತ್ತದೆ. ಸೀಟಿನ ಚರ್ಮ, ದೊಡ್ಡ ಸ್ಕ್ರೀನು ಕೊಡದಿದ್ದರೆ ಬೇಡ, ಆದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸಿಕೊಳ್ಳುವುದೂ ಟಾಪ್ ಎಂಡ್ ಫೀಚರ್ ಆಗಬೇಕಾ?

ಹಾಗಂತ ಪೂರ್ತಿ ನಿಶ್ಶಬ್ದ ನನಗೆ ಬೇಡ. ಹಿಂದೆ ಬರುವ ಆಂಬುಲೆನ್ಸ್ ಕೇಳಬೇಕು, ಘಾಟಿಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಬೇಕು, ನಾಳೆ ಇನ್ನೊಂದು ಬೇರಿಂಗ್ ಹೋದರೆ ಅದೂ ಕೇಳಬೇಕು. ಕಾರಿನ ಸದ್ದು ಕಾರಿನ ಮಾತು. ಅದನ್ನು ಸಾಯಿಸುವ ಮೊದಲು ಏನು ಹೇಳುತ್ತಿದೆ ಅಂತ ಒಮ್ಮೆ ಕೇಳಿ ಅನ್ನುವುದಷ್ಟೇ ನನ್ನ ವಾದ.

ಕಳೆದ ತಿಂಗಳು ಅಪ್ಪಯ್ಯ ಅಮ್ಮನನ್ನು ಊರಿಗೆ ಬಿಡಲು ಹೊರಟೆ. ಕಾರಿಗೆ ಏನು ಮಾಡಿಸಿದ್ದೇನೆ ಅಂತ ಅವರಿಗೆ ಹೇಳಿರಲಿಲ್ಲ. ನೆಲಮಂಗಲ ದಾಟಿತು, ಮಿಷನ್ ಕಿವಿಯಲ್ಲೇ ಇತ್ತು. ತುಮಕೂರು ದಾಟಿತು, ಇನ್ನೂ ಇತ್ತು. ನಾನು 75ರಲ್ಲೇ ಹೋಗುತ್ತಿದ್ದೆ, ಹಿಂದಿನ ಲಾರಿಯವನು ಬೈದುಕೊಂಡು ಓವರ್‌ಟೇಕ್ ಮಾಡಿದ. ಗುಬ್ಬಿಯ ಹತ್ತಿರ ಅಪ್ಪಯ್ಯ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದರು, "ಎಂತೋ, ರಸ್ತೆ ಹೊಸ್ತಾಗಿ ಮಾಡಿದ್ವನೋ?"

"ಹೌದು ಅಪ್ಪಯ್ಯ" ಅಂದೆ.

ಸ್ವಲ್ಪ ಹೊತ್ತು ಬಿಟ್ಟು ಅಡಿಕೆ ರೇಟು ಶುರುವಾಯಿತು. ಪೂರ್ತಿ ಸರಿಹೋಗಿದೆ ಅಂತ ಹೇಳಲಾರೆ. ಕಾಂಕ್ರೀಟ್ ರಸ್ತೆ ಬಂದಲ್ಲೆಲ್ಲ ಈಗಲೂ "ಎಂತ?" ಇದೆ, ಎಸಿ ಮೂರಕ್ಕಿಟ್ಟರೂ ಇದೆ. ಆದರೆ ಎರಡನೇ ಸಲಕ್ಕೆ ಕೇಳುತ್ತದೆ, ಕೂಗಬೇಕಾಗಿಲ್ಲ. ತರೀಕೆರೆ ಹತ್ತಿರ ಆ ಮಳೆಗಾಲದ ಕಥೆಯೂ ಬಂತು. ಹನ್ನೊಂದನೇ ಸಲ. ಈ ಸಲ ನಾನು ಹೂಂಗುಟ್ಟಲಿಲ್ಲ, "ಆಮೇಲೆ?" ಅಂತ ಕೇಳಿದೆ.

ನಿಮ್ಮ ಮನೆಯಲ್ಲೂ ಕಾರಿನಲ್ಲಿ ಸುಮ್ಮನೆ ಕೂರುವ ಹಿರಿಯರಿದ್ದರೆ, ಅವರಿಗೆ ಮಾತು ಬೇಡವಾಗಿದೆ ಅಂದುಕೊಳ್ಳಬೇಡಿ. ಮೊದಲು ಹಿಂದಿನ ಚಕ್ರದ ಬೇರಿಂಗ್ ತೋರಿಸಿ. ಏನಂತೀರಿ?